ಎರಡು ದಡಿ

ಬೆಟಗೇರಿ ಬಸ್‌ಸ್ಟ್ಯಾಂಡಿನ ಎದುರಿಗೆ ಗವಿಸಿದ್ಧನ ಝೆರಾಕ್ಸ್ ಅಂಗಡಿ.
ನನ್ನ ಹನ್ನೊಂದು ಹಾಳಿ ಲೆಕ್ಕ ಟೈಪ್ ಮಾಡಿ ಮುಗಿಸಿ ಕೇಳಿದ:
"ಕೆಳಗ ಯಾವಾಗಿನಂಗ ಹಾಕಲೇನ್ರಿ ಟೀಚರ,
ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ?"
ಲಗ್ನಪತ್ರಿಕಿಗೂ ಅದನ್ನ ಹಾಕಾಂವ ಅಂವ.

ಬ್ಯಾಡ, ಅಂದೆ. ಹೀಂಗ ಹೊಡಿ:
ತಗೋರಿ, ನಕಲು ಮಾಡ್ರಿ, ಬೇಕಾದಂಗ ತಿದ್ದಿಕೊಳ್ರಿ.
ಮಾರಿದ್ರೂ ಅಡ್ಡಿ ಇಲ್ಲ.
ಎಲ್ಲಿಂದ ಬಂತು ಅನ್ನೂದಷ್ಟು ಬರೀರಿ.

ಕೀಲಿಮಣಿ ಮ್ಯಾಲಿಂದ ಬೆರಳು ಎತ್ತಿದ.
"ಮಾರಿದ್ರೂ?"
"ಮಾರಿದ್ರೂ."

ಗೋಮಿ ದಡಿ ಮೊದಲು ನೇದವರು ಯಾರು?
ಅಪ್ಪನ ಮಗ್ಗಕ್ಕ ಗೊತ್ತಿರಲಿಲ್ಲ.
ಗಾಡಿ ದಡಿ, ಚಿಕ್ಕಿ ಪರಾಸ,
ಎಲ್ಲಾ ಒಂದು ಕುಣಿಯಿಂದ ಇನ್ನೊಂದು ಕುಣಿಗೆ ಜಿಗದು ಬಂದವು.
ಎಳಿ ತಪ್ಪಿದ್ರ ಓಣಿ ಮಂದಿ ನಗತಿದ್ರು,
ಕದ್ದಿ ಅಂತ ಯಾರೂ ಅಂದಿದ್ದಿಲ್ಲ.
ಅಪ್ಪ ಮಾತ್ರ ಸೀರಿ ಮಡಚೂವಾಗ ಗಿರಾಕಿಗೆ ಹೇಳತಿದ್ದ,
"ಈ ತಿರುವು ಗುಳೇದಗುಡ್ಡದ ರುದ್ರಮುನೀದು, ನಂದಲ್ಲ."
ರುದ್ರಮುನೀನ ನಾವ್ಯಾರೂ ನೋಡಿದ್ದಿಲ್ಲ.

ನನ್ನ ಲೆಕ್ಕಾನೂ ದಡಿ ಮ್ಯಾಲಿನವ. ಏಳನೇ ಪ್ರಶ್ನೆ:
ಗೇಣಿಗೆ ಆರು ಗೋಮಿ. ಹದಿನಾರು ಮೊಳದ ಸೀರಿ.
ಸೀರಿಯೊಳಗ ಒಟ್ಟು ಗೋಮಿ ಎಷ್ಟು?
ಉತ್ತರ ಕೊನೀ ಹಾಳಿಯಾಗ: ನೂರಾ ತೊಂಬತ್ತೆರಡು.

ಹೋದವು ಹಾಳಿ. ಯಾರ ಚೀಲದಾಗ, ಯಾರ ಫೋನಿನಾಗ, ಯಾರು ಬಲ್ಲರು.
ಬ್ಯಾಡಗಿಯೊಳಗ ಗೋಮಿ ಹೋಗಿ ಮೆಣಸಿನಕಾಯಿ ಚೀಲ ಆದವು.
ಸವಣೂರಿನ ಮಾಸ್ತರೊಬ್ಬರು ಉರ್ದುವಿಗೆ ತಿರುವಿದ್ರು,
ಬಲದಿಂದ ಎಡಕ್ಕ ಓಡೋ ಸಾಲಿನಾಗ
ನನ್ನ ದಡಿ ನನಗಿಂತ ಚಂದ ಕಾಣತಿತ್ತು.
ಕುಂದಗೋಳದಾಗ ಯಾರೋ ಚಿತ್ರ ಎಲ್ಲಾ ಕಿತ್ತೊಗದು
ಬರೇ ಅಂಕಿ ಉಳಿಸಿದ್ರು.
ಒಂದು ಸಂಜಿ ಪೂರ್ತಿ ಸೆಟಗೊಂಡು ಕುಂತೆ.

ಆಮ್ಯಾಲ ಹುಬ್ಬಳ್ಳಿ, ಕೊಪ್ಪಿಕರ ರೋಡು.
ಕಾಜಿನ ಹಿಂದ ಮಿರಮಿರ ಮಿಂಚೋ ಗೈಡು, ಬೆಲೆ ತೊಂಬತ್ತು.
ತೆಗದ್ರ ಒಳಗ ನನ್ನವ ಹನ್ನೊಂದು ಹಾಳಿ,
ನನ್ನ ಹೆಸರು ಕಡೀ ಪುಟದಾಗ, ಇರುವಿ ಕಾಲಿನಷ್ಟು.
ಬರದಾನ, ತಪ್ಪಿಲ್ಲ.
ಮಾರಿದ್ರೂ ಅಂದಾಕಿ ನಾನ.
ಆದ್ರೂ ಎಲ್ಲೋ ಒಂದು ಎಳಿ ಹರಿದಂಗಾತು, ಸುಳ್ಳ ಯಾಕ ಹೇಳ್ಲಿ.
ನೂರರ ನೋಟು ಕೊಟ್ಟು ನನ್ನದನ್ನ ನಾನ ಕೊಂಡೆ.
ಚಿಲ್ಲರ ಇಲ್ಲಂತ ಅಂಗಡಿಯಾಂವ ಒಂದು ಪೆನ್ನು ಕೊಟ್ಟ.

ಅದ ವಾರ ಹಾನಗಲ್ಲಿನ ಫಕ್ಕೀರೇಶ ಹುಲ್ಲತ್ತಿ ಮಾಸ್ತರು
ತಮ್ಮ ಸಾಲಿ ಪ್ರತಿ ಕಳಿಸಿದ್ರು.
ಏಳನೇ ಉತ್ತರಕ್ಕ ಅಡ್ಡಗೀರು.
ಬಾಜೂಕ ಪೆನ್ಸಿಲ್ಲಿನ ದುಂಡನ್ನ ಅಕ್ಷರ:
"ಸೀರಿಗೆ ಎರಡು ದಡಿ ಇರ್ತಾವಲ್ರಿ.
ಮುನ್ನೂರಾ ಎಂಬತ್ನಾಲ್ಕು.
ಮಾಲನಬಿ ದೊಡ್ಡಮನಿ, ಎಂಟನೇ ಇಯತ್ತೆ."

ನಾನು ನೇಕಾರನ ಮಗಳು.
ಲಾಳಿ ಆ ದಡಿ ಮುಟ್ಟಿ ಈ ದಡಿಗೆ ಬರೋ ಸಪ್ಪಳದಾಗ
ಮಗ್ಗಿ ಬಾಯಿಪಾಠ ಮಾಡಿದಾಕಿ.
ಎಣಿಸಿದ್ದು ಮಾತ್ರ
ನನ್ನ ಕಡೆ ದಡಿ ಅಷ್ಟ.

ಗೈಡು ಬಿಚ್ಚಿ ನೋಡಿದೆ. ನೂರಾ ತೊಂಬತ್ತೆರಡು.
ಮಿಂಚೋ ಹಾಳಿ ಮ್ಯಾಲ, ತೊಂಬತ್ತು ರೂಪಾಯಿಗೆ, ನನ್ನ ತಪ್ಪು.
ಒಬ್ಬಾಕೀನ ನಕ್ಕೆ.
ಪುಗಸಟ್ಟೆ ಪ್ರತಿಯೊಳಗ ಅದನ್ನ ತಿದ್ದಿ
ಹಾನಗಲ್ಲಿನ ಹುಡುಗಿ ಊಟದ ಗಂಟಿಗೆ ಓಡಿಹೋಗಿದ್ದಾಳು.

ಹೊಸಾ ಪ್ರತಿ ತಗೊಂಡು ಮತ್ತ ಬೆಟಗೇರಿ.
ಬ್ಯಾಡಗಿ, ಸವಣೂರು, ಕುಂದಗೋಳಾನೂ ಇರಲಿ ಅಂದೆ, ಹುಲ್ಲತ್ತಿ,
ಆಮ್ಯಾಲ ಮಾಲನಬಿ, ಪೂರಾ ಹೆಸರು, ಇಯತ್ತೆ ಸಹಿತ.
ಗವಿಸಿದ್ಧ ತಲಿ ಕೆರಕೊಂಡ.
"ಜಾಗ ಸಾಲವಲ್ತರಿ, ಮಂದಿ ಭಾಳ ಆದ್ರು."
"ಅಂಚು ಸಣ್ಣದು ಮಾಡು."
"ಯಾವ ಕಡೆದ್ರಿ?"